ಟ್ಯಾಂಕಿನ ಸರದಿ

ಫೆಬ್ರವರಿ ೬

ಮಗಳೇ,

ಫೋನಿನಲ್ಲಿ ಕೇಳಿದರೆ ನೀನು ಗಡಗಡ ಹೇಳಿಬಿಡುತ್ತೀಯ. ಇಟ್ಟ ಮೇಲೆ ನನ್ನ ತಲೆಯಲ್ಲಿ ಉಳಿಯುವುದು “ಅಷ್ಟೂ ಗೊತ್ತಾಗಲ್ವಾ ಅಮ್ಮಾ” ಎಂಬ ಮಾತೊಂದೇ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು. ಬರೆದದ್ದನ್ನು ಎರಡು ಸಲ ಓದಬಹುದು, ನಾಲ್ಕು ಜನಕ್ಕೆ ಓದಿ ಹೇಳಲೂಬಹುದು.

ಕೇಳಬೇಕಾದದ್ದು ಇಷ್ಟೆ: ಡೀಸೆಲ್ ಬೆಲೆ ಯಾಕೆ ಹೀಗೆ ಕುಣಿಯುತ್ತಿದೆ? ಮೊದಲೆಲ್ಲ ವರ್ಷಕ್ಕೊಮ್ಮೆ ಏರುತ್ತಿತ್ತು. ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದೆವು. ಈಗ ದಿನಾ ಬೆಳಿಗ್ಗೆ ಬಂಕಿನ ಫಲಕದಲ್ಲಿ ಹೊಸ ಅಂಕಿ. ಮೊನ್ನೆ ರೇಡಿಯೊದಲ್ಲಿ ಪ್ರಪಂಚದಲ್ಲೆಲ್ಲ ಎಣ್ಣೆ ಅಗ್ಗವಾಗಿದೆ ಎಂದರು. ಅದೇ ದಿನ ನಮ್ಮ ಬಂಕಿನಲ್ಲಿ ಏರಿತು. ಬಂಕಿನವನನ್ನು ಕೇಳಿದರೆ “ನಂಗೇನು ಗೊತ್ತಕ್ಕ, ಮೇಲಿಂದ ಬರುತ್ತೆ” ಅಂದ. ಮೇಲಿಂದ ಎಂದರೆ ಎಲ್ಲಿಂದ? ತರಕಾರಿಯವನೂ ಡೀಸೆಲ್ ಏರಿತು ಎಂದು ಟೊಮೆಟೊ ಬೆಲೆ ಏರಿಸಿದ್ದಾನೆ. ಅವನದು ತಳ್ಳುಗಾಡಿ! “ನೀನೇನು ಡೀಸೆಲ್ ಕುಡಿದು ತಳ್ತೀಯಾ?” ಎಂದು ನಿನ್ನ ಚಿಕ್ಕಮ್ಮ ಕೇಳಿದ್ದಕ್ಕೆ ಒಂದು ವಾರದಿಂದ ಅವಳಿಗೆ ಕೊಳೆತದ್ದನ್ನೇ ಆರಿಸಿ ಕೊಡುತ್ತಿದ್ದಾನೆ.

ನಗುವ ಮಾತಲ್ಲ ಮಗಳೇ. ನೀನು ಮನೆ ಬಿಟ್ಟು ಎರಡು ವರ್ಷವಾಯಿತು, ನಮ್ಮ ವ್ಯಾನಿನ ಸರದಿ ನೆನಪಿದೆಯೋ ಇಲ್ಲವೋ. ನಿನ್ನಪ್ಪ ಹಾಸಿಗೆ ಸಾಗಿಸುತ್ತಿದ್ದ ವ್ಯಾನಿಗೆ ಬೆಂಚು ಹಾಕಿಸಿ ನಾವು ಹನ್ನೆರಡು ಜನ ಔಷಧಿ ಕಾರ್ಖಾನೆಗೆ ಹೋಗಿಬರುತ್ತೇವೆ. ನಾನು ಓಡಿಸುತ್ತೇನೆ. ಯಾರ ಹತ್ತಿರವೂ ಬಾಡಿಗೆ ಪಡೆಯುವುದಿಲ್ಲ. ಪ್ರತಿ ಸೋಮವಾರ ಒಬ್ಬಳು ಸರದಿಯ ಮೇಲೆ ಟ್ಯಾಂಕ್ ತುಂಬಿಸುತ್ತಾಳೆ, ನನ್ನದೂ ಸೇರಿ ಹನ್ನೆರಡು ವಾರಕ್ಕೊಂದು ಸುತ್ತು. ಆ ವಾರ ವ್ಯಾನ್ ಅವಳದು. ಮುಂದಿನ ಸೀಟು ಅವಳಿಗೆ, ಎಲ್ಲಿ ನಿಲ್ಲಿಸು ಅಂದರೆ ಅಲ್ಲಿ ನಿಲ್ಲಿಸಬೇಕು. ಕಾಸು ಎಣಿಸಿ ಕೊಡುವುದು ಶುರುವಾದರೆ ನಾನು ಡ್ರೈವರ್ ಆಗುತ್ತೇನೆ, ಅವರು ಪ್ರಯಾಣಿಕರಾಗುತ್ತಾರೆ. ಅದು ಬೇಡ ಎಂದೇ ಈ ಏರ್ಪಾಡು. ಬೆಲೆ ನಿಂತಲ್ಲೇ ನಿಂತಿದ್ದಾಗ ಇದರಷ್ಟು ನ್ಯಾಯವಾದದ್ದು ಇನ್ನೊಂದಿರಲಿಲ್ಲ. ಈಗ ಸರದಿ ಎಂದರೆ ಲಾಟರಿ. ಅದೂ ಕೈಯಿಂದ ಹೋಗುವ ಲಾಟರಿ. ಹೋದ ತಿಂಗಳು ಲೇಬಲ್ ಅಂಟಿಸುವವಳ ವಾರಕ್ಕೆ ಸರಿಯಾಗಿ ಏರಿತು. ಆ ವಾರವಿಡೀ ಮುಂದಿನ ಸೀಟಿನಲ್ಲಿ ಕೂತು ಡೀಸೆಲ್ ಮುಳ್ಳನ್ನೇ ನೋಡುತ್ತಿದ್ದಳು.

ಯಾಕೆ ಹೀಗಾಗುತ್ತದೆ ಎಂದು ಬರೆ. ಹನ್ನೊಂದು ಹೆಂಗಸರಿಗೆ ದಾರಿಯಲ್ಲಿ ಹೇಳುವಂತೆ, ಸಣ್ಣ ಮಾತಿನಲ್ಲಿ.

ಊಟ ಬಿಡಬೇಡ.

ನಿನ್ನ
ಅಮ್ಮ


ಫೆಬ್ರವರಿ ೧೩

ಅಮ್ಮಾ,

ನಿನ್ನ ಪತ್ರವನ್ನು ಮುದ್ರಣಾಲಯದಲ್ಲಿ, ತಿದ್ದಬೇಕಾದ ಕರಡುಗಳ ಕೆಳಗಿಟ್ಟುಕೊಂಡು ಮೂರು ಸಲ ಓದಿದೆ. ಹೆಮ್ಮೆಯಾಯಿತು. ನೀನು ಕೇಳಿದ ಪ್ರಶ್ನೆಯನ್ನು ಎಲ್ಲ ಮನೆಯಲ್ಲೂ ಕೇಳಿದ್ದರೆ ಈ ದೇಶ ಹೀಗಿರುತ್ತಿರಲಿಲ್ಲ.

ಬೆಲೆ ಎನ್ನುವುದು ಮಳೆಯಲ್ಲ ಅಮ್ಮಾ, ಆಕಾಶದಿಂದ ತಾನಾಗಿ ಸುರಿಯುವುದಕ್ಕೆ. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಕೂತು ಬರೆಯುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಬಂಕಿನವನ ಕೈ ಮಾತ್ರ, ಬರೆದವನ ಕೈ ಕಾಣುವುದಿಲ್ಲ. ನೆಲದಿಂದ ಎಣ್ಣೆ ತೆಗೆದವನ ಪಾಲು, ಹಡಗಿನವನ ಪಾಲು, ಸೋಸುವವನ ಪಾಲು, ಎಲ್ಲರಿಗಿಂತ ದೊಡ್ಡದಾಗಿ ಸರ್ಕಾರದ ತೆರಿಗೆ, ಇಷ್ಟನ್ನೂ ಹೊತ್ತುಕೊಂಡು ಅದು ನಿನ್ನ ಟ್ಯಾಂಕಿಗೆ ಬರುತ್ತದೆ. ಹೊರಗೆ ಎಣ್ಣೆ ಅಗ್ಗವಾದಾಗ ಒಳಗೆ ತೆರಿಗೆ ಏರಿಸುತ್ತಾರೆ, ನಿನಗೆ ಅಗ್ಗದ ಸುದ್ದಿ ಮಾತ್ರ ಸಿಗುತ್ತದೆ. ಇದರ ಜತೆಗೆ, ನಾಳೆ ಏರುತ್ತದೆಂದು ಗೊತ್ತಿದ್ದು ಇವತ್ತು ಬಚ್ಚಿಡುವವರು ಬೇರೆ. ಯಾರೂ ಕೈಯಲ್ಲಿ ಚಾಕು ಹಿಡಿದಿರುವುದಿಲ್ಲ, ಆದರೂ ಜೇಬು ಕತ್ತರಿಸಿರುತ್ತದೆ.

ತಳ್ಳುಗಾಡಿಯವನನ್ನು ಬೈಯಬೇಡಿ ಎಂದು ಚಿಕ್ಕಮ್ಮನಿಗೆ ಹೇಳು. ಅವನ ಟೊಮೆಟೊ ಲಾರಿಯಲ್ಲಿ ಬಂದದ್ದು.

ಇದರೊಂದಿಗೆ ನಾಲ್ಕು ಪುಟದ ಒಂದು ಕರಪತ್ರ ಇಟ್ಟಿದ್ದೇನೆ. ಗಟ್ಟಿಯಾಗಿ ಓದಿ ಹೇಳು. ಇನ್ನೊಂದು ಮಾತು, ಇದನ್ನು ಗಮನವಿಟ್ಟು ಕೇಳು: ಮಾರ್ಚ್ ಒಂದರಿಂದ ಬೆಲೆ ಒಂದೇ ಸಲಕ್ಕೆ ಮೇಲೆ ಹೋಗುತ್ತದೆ. ಇದು ಖಚಿತ. ಅದಕ್ಕೆ ಮುಂಚೆ ಯಾರಿಗೆ ಕಷ್ಟವಿದೆಯೋ ಅವರ ಸರದಿ ಮುಗಿಸಿಕೊಳ್ಳಿ. ತಿಂಗಳು ತಿರುಗಿದ ಮೇಲೆ ತುಂಬಿಸುವವರ ಗತಿ ನೆನೆಸಿಕೊಂಡರೇ ಸಂಕಟವಾಗುತ್ತದೆ.

ನಿಮ್ಮ ವ್ಯಾನಿನ ಬಗ್ಗೆ ಇಲ್ಲಿನ ಗೆಳತಿಯರಿಗೆ ಹೇಳಿದೆ. ನಾವು ಪುಸ್ತಕದಲ್ಲಿ ಹುಡುಕುತ್ತಿರುವುದನ್ನು ನಿನ್ನಮ್ಮ ಹಾಸಿಗೆ ಗಾಡಿಯಲ್ಲಿ ಮಾಡಿಬಿಟ್ಟಿದ್ದಾರೆ ಎಂದರು.

ನಿನ್ನ ಮಗಳು


ಫೆಬ್ರವರಿ ೨೨

ಮಗಳೇ,

ನಿನ್ನ ಕರಪತ್ರವನ್ನು ವ್ಯಾನಿನಲ್ಲಿ ಓದಿಸಿದೆ. ನಾನು ಓಡಿಸುತ್ತಿರುತ್ತೇನಲ್ಲ, ಲೇಬಲಿನವಳು ಓದಿದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಾರ್ಖಾನೆ ಬಂತು. ಉಳಿದದ್ದನ್ನು ಸಂಜೆ ಓದಿದೆವು. ಸಂಜೆ ಅರ್ಧ ಜನ ತೂಕಡಿಸುತ್ತಿದ್ದರು, ಆದರೂ “ಬರೆದವನ ಕೈ ಕಾಣುವುದಿಲ್ಲ” ಎಂಬ ನಿನ್ನ ಪತ್ರದ ಮಾತಿಗೆ ಎದ್ದು ಕೂತರು. ನಮ್ಮ ದೊಡ್ಡಕ್ಕ, ಎಲ್ಲರಿಗಿಂತ ಹಿರಿಯಳು, ಮಂಡಿನೋವಿನವಳು, ಹೇಳಿದ್ದು ಕೇಳು: “ಹುಡುಗಿ ಬರ್ದಿರೋದು ಸರೀಗಿದೆ ಕಣೇ. ಆದ್ರೆ ಆ ಕೈ ಸಿಕ್ರೆ ಏನ್ ಮಾಡ್ಬೇಕು ಅಂತ ಬರ್ದಿಲ್ವಲ್ಲ!”

ಮಾರ್ಚ್ ಒಂದರ ಮಾತು ಮಾತ್ರ ಎಲ್ಲರಿಗೂ ನಾಟಿತು. ಯಾಕೆಂದರೆ ತಿಂಗಳು ತಿರುಗಿದ ಮೊದಲ ಸೋಮವಾರ ಮುಚ್ಚಳದವಳ ಸರದಿ. ಬಾಟಲಿಗಳಿಗೆ ಮುಚ್ಚಳ ತಿರುಗಿಸುವವಳು, ನಿನಗೆ ಗೊತ್ತು, ನೀನು ಚಿಕ್ಕವಳಿದ್ದಾಗ ಜಡೆ ಹಾಕುತ್ತಿದ್ದಳು. ಅವಳ ಗಂಡ ಚೀಲ ಹೊರುವಾಗ ಬಿದ್ದು ಎರಡು ತಿಂಗಳಿಂದ ಮಲಗಿದ್ದಾನೆ. ಸೊಂಟಕ್ಕೊಂದು ಪಟ್ಟಿ ಹಾಕಿದರೆ ಎದ್ದು ಕೂರಬಹುದು ಎಂದಿದ್ದಾರೆ ಡಾಕ್ಟರು. ಅವಳು ಅದಕ್ಕೆಂದು ಕೂಡಿಡುತ್ತಿದ್ದಾಳೆ. ಏರಿದ ಬೆಲೆಗೆ ಅವಳು ಟ್ಯಾಂಕ್ ತುಂಬಿಸುವುದು ಹೇಗೆ?

ಬರುವ ಸೋಮವಾರ ಇದ್ದದ್ದು ನಿನ್ನ ಚಿಕ್ಕಮ್ಮನ ಸರದಿ. ಅದಲುಬದಲು ಮಾಡಿಕೊಳ್ಳಿ ಎಂದು ನಾನೇ ಹೇಳಿದೆ. ನಿನ್ನ ಚಿಕ್ಕಮ್ಮನ ಸ್ವಭಾವ ಗೊತ್ತಲ್ಲ. “ನನ್ನ ತಲೆ ಮೇಲೆ ಕಲ್ಲು ಹಾಕೋಕೆ ನಮ್ಮನೆ ಹುಡುಗಿಯೇ ಕಾಗದ ಬರೀಬೇಕಿತ್ತಾ” ಎಂದು ಒಂದು ಮೈಲಿ ಗೊಣಗಿದಳು. ಎರಡನೇ ಮೈಲಿಗೆ ಒಪ್ಪಿದಳು. ಮುಚ್ಚಳದವಳು ಬೇಡ ಅಂದಳು. ಪಟ್ಟಿಯ ದುಡ್ಡು ತೆಗೆಯಬೇಕಾಗುತ್ತದೆ, ತಿಂಗಳ ಸಂಬಳ ಬಂದ ಮೇಲೆ ಕೊಡುವುದಾದರೆ ಸುಲಭ ಎಂದಳು. ನಾನು ಬಿಡಲಿಲ್ಲ. “ಮಗಳು ಖಚಿತ ಅಂತ ಬರೆದಿದಾಳೆ ಕಣೇ, ಈಗ ತುಂಬಿಸಿಬಿಡು, ಉಳಿದದ್ದರಲ್ಲಿ ಪಟ್ಟಿ ತಗೋ” ಅಂದೆ.

ಬಂಕಿನಲ್ಲಿ ಈಗಲೇ ಸಾಲು ಶುರುವಾಗಿದೆ. ಎಲ್ಲರಿಗೂ ಇದೇ ಸುದ್ದಿ ಸಿಕ್ಕಿದೆ ಅಂತ ಕಾಣುತ್ತದೆ.

ಅಮ್ಮ


ಮಾರ್ಚ್ ೧೫

ಅಮ್ಮಾ,

ಮೂರು ವಾರವಾಯಿತು, ನಿನ್ನ ಪತ್ರವಿಲ್ಲ. ಫೋನ್ ಮಾಡಿದರೆ “ಚೆನ್ನಾಗಿದ್ದೀವಿ, ಊಟ ಆಯ್ತಾ” ಎಂದು ಇಟ್ಟುಬಿಡುತ್ತೀಯ. ವ್ಯಾನ್ ಕೆಟ್ಟಿದೆಯೇ? ನಿನಗೇನಾದರೂ ಹುಷಾರಿಲ್ಲವೇ?

ಬೆಲೆ ಏರಲಿಲ್ಲ. ಗೊತ್ತು. ಏರಬೇಕಾದದ್ದು ಬಿದ್ದೇಬಿಟ್ಟಿತು, ವರ್ಷದಲ್ಲೇ ಇಷ್ಟು ಇಳಿದಿರಲಿಲ್ಲ. ಆದರೆ ಇಳಿದದ್ದಕ್ಕೂ ಕಾರಣ ಇದೆ ಅಮ್ಮಾ. ಆಳುವವರಿಗೆ ಮತ ಬೇಕಾಗಿದೆ. ಆ ಕಡೆ ಎಣ್ಣೆ ತೆಗೆಯುವ ದೇಶಗಳು ತಮ್ಮ ತಮ್ಮಲ್ಲೇ ಜಗಳವಾಡಿಕೊಂಡು ಹೆಚ್ಚು ಹೆಚ್ಚು ತೆಗೆಯುತ್ತಿವೆ. ಇದರ ಮೇಲೆ ಇಲ್ಲಿ ಒಂದು ಹೊಸ ಹಾಳೆ ಅಚ್ಚಾಗುತ್ತಿದೆ, ಮುಗಿದ ಕೂಡಲೇ ಕಳಿಸುತ್ತೇನೆ. ಮತದಾನ ಮುಗಿದ ಮರುದಿನ ನೋಡುತ್ತಿರು.

ಇಷ್ಟು ಬರೆದು ನಿಲ್ಲಿಸಿದೆ. ನಿನ್ನ ಕೊನೆಯ ಪತ್ರ ಇನ್ನೊಮ್ಮೆ ಓದಿದೆ.

ಮುಚ್ಚಳದತ್ತೆ ಟ್ಯಾಂಕ್ ತುಂಬಿಸಿದರಾ? ಯಾವ ಬೆಲೆಗೆ?

ಬರೆ.

ನಿನ್ನ ಮಗಳು


ಮಾರ್ಚ್ ೨೩

ಪಂಡಿತೆಗೆ,

ನಿನ್ನಮ್ಮ ಬರೆಯುವುದಿಲ್ಲ. ನಿನ್ನ ಪತ್ರ ಬಂದಾಗ ಓದಿ, ಮಡಿಸಿ, ಸಕ್ಕರೆ ಡಬ್ಬದ ಕೆಳಗೆ ಇಟ್ಟಳು. ಮಗಳಿಗೆ ನೋವಾಗುತ್ತೆ ಅಂತ ಅವಳ ಯೋಚನೆ. ನನಗೆ ಅಂಥ ಯೋಚನೆಯೇನೂ ಇಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಆಗಬೇಕಾದವರಿಗೆ ನೋವಾಗಲಿ.

ಆ ಸೋಮವಾರ ಬಂಕಿನಲ್ಲಿ ಸಾಲು ಬೀದಿ ತಿರುವಿನವರೆಗೆ ಬಂದಿತ್ತು. ಊರಿಗೆ ಊರೇ ಮಾರ್ಚ್ ಒಂದಕ್ಕೆ ಹೆದರಿ ಡಬ್ಬ ಹಿಡಿದು ನಿಂತಿತ್ತು. ಫಲಕದ ಮೇಲೆ ಹಿಂದೆಂದೂ ಕಾಣದ ಅಂಕಿ. ಮುಚ್ಚಳದವಳು ತುಂಬಿಸಿದಳು. ಪಟ್ಟಿಯ ದುಡ್ಡು ಪೂರ್ತಿ ಹೋಯಿತು, ಸಾಲದ್ದಕ್ಕೆ ಸೆರಗಿನ ಗಂಟೂ ಬಿಚ್ಚಿದಳು. ವಾರ ಕಳೆಯುವಷ್ಟರಲ್ಲಿ ಬೆಲೆ ದಪ್ಪಂತ ಬಿತ್ತು. ಮೊದಲು ಅವಳದಾಗಿದ್ದ ಮುಂದಿನ ಸೋಮವಾರ ನಾನು ತುಂಬಿಸಿದೆ. ಹೆಚ್ಚುಕಡಿಮೆ ಅವಳು ಕೊಟ್ಟದ್ದರ ಅರ್ಧಕ್ಕೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ನಕ್ಕೆ. ಬಂಕಿನವನಿಗೆ “ನಮ್ಮನೆ ಹುಡುಗಿ ಬಾಯಿಗೆ ಸಕ್ಕರೆ ಹಾಕ್ಬೇಕು” ಅಂದೆ. ನನಗೆ ಬೇರೆ ಏನೂ ಮನಸ್ಸಲ್ಲಿರಲಿಲ್ಲ, ನನ್ನ ಜನ್ಮದಲ್ಲಿ ಒಂದು ಸಲವಾದರೂ ಅಗ್ಗಕ್ಕೆ ಸಿಕ್ಕಿತಲ್ಲ ಅಂತ ಖುಷಿ. ತಿರುಗಿ ನೋಡಿದರೆ ವ್ಯಾನಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬಳು, ಯಾರೆಂದು ಬರೆಯುವುದಿಲ್ಲ, ಹೇಳಿದಳು: “ಮನೆಯವರಿಗೊಂದು ಕಾಗದ ಬರುತ್ತೆ, ಹೊರಗಿನವರಿಗೆ ಓದೋಕೆ ಇನ್ನೊಂದು ಬರುತ್ತೆ ಅಂತ ಕಾಣುತ್ತೆ.”

ಮುಚ್ಚಳದವಳು ಸಂಜೆ ಇಳಿಯುವಾಗ ನಿನ್ನಮ್ಮನಿಗೆ “ನಾಳೆಯಿಂದ ನನಗೆ ಕಾಯ್ಬೇಡ” ಅಂದಳು ಅಷ್ಟೆ. ಅವತ್ತಿಂದ ನಡೆದು ಹೋಗುತ್ತಿದ್ದಾಳೆ. ನಾಲ್ಕು ಮೈಲಿ. ಐದು ಗಂಟೆಗೆ ಮನೆ ಬಿಡುತ್ತಾಳೆ. ಹೆಚ್ಚು ಕೊಟ್ಟಷ್ಟನ್ನು ನಾನು ಕೊಡುತ್ತೇನೆ ಎಂದು ಅವಳ ಬಾಗಿಲಿಗೆ ಹೋದೆ. ನಾನು! ಒಂದು ಮೊಳ ದಾರ ಕೊಟ್ಟರೂ ವಾಪಸ್ ಕೇಳುವವಳು. ಗಂಡ ಒಳಗಿನಿಂದ ನರಳುತ್ತಿದ್ದ. “ನಾನು ಭಿಕ್ಷೆಗೆ ನಿಂತಿಲ್ಲಕ್ಕ” ಅಂತ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಮೆಲ್ಲಗೆ ಹಾಕಿದಳು.

ದಿನಾ ದಾರಿಯಲ್ಲಿ ಸಿಗುತ್ತಾಳೆ. ನಿನ್ನಮ್ಮ ವ್ಯಾನ್ ನಿಧಾನ ಮಾಡುತ್ತಾಳೆ, ಬಾಗಿಲು ತೆಗೆಯುತ್ತಾಳೆ. ಇವಳು ರಸ್ತೆಯ ಆ ಅಂಚು ನೋಡಿಕೊಂಡು ನಡೆಯುತ್ತಾಳೆ. ಬಾಗಿಲು ಹಾಕಿಕೊಳ್ಳುತ್ತೇವೆ.

ಇನ್ನು ಕೇಳು. ಕಾರ್ಖಾನೆ ಗೇಟು ಏಳಕ್ಕೆ ಮುಚ್ಚುತ್ತೆ. ತಿಂಗಳಲ್ಲಿ ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುತ್ತಾರೆ, ಮಾತಿಲ್ಲ ಕತೆಯಿಲ್ಲ. ಅವಳಿಗೆ ಎರಡು ಸಲ ಆಗಿದೆ. ಒಂದು ಸಲ ಗಂಡನನ್ನು ಎತ್ತಿ ಕೂರಿಸುವುದರಲ್ಲಿ ಹೊತ್ತಾಯಿತು, ಇನ್ನೊಂದು ಸಲ ಚಪ್ಪಲಿ ಕಿತ್ತುಹೋಯಿತು. ತಿಂಗಳು ಮುಗಿಯಲು ಇನ್ನೂ ಎಂಟು ದಿನ ಇದೆ. ಆ ಮನೆಯಲ್ಲಿ ಈಗ ದುಡಿಯುವ ಕೈ ಅದೊಂದೇ.

ನಿನಗೆ ಮೊದಲೇ ಗೊತ್ತಿತ್ತಾ, ಇಳಿಯುತ್ತೆ ಅಂತ? ಇಲ್ಲ ಅಂತ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿರುವುದು ಅದನ್ನೇ.

ನಿನ್ನ
ಚಿಕ್ಕಮ್ಮ


ಮಾರ್ಚ್ ೨೬

ಮುಚ್ಚಳದತ್ತೆಗೆ,

ನೀವು ಈ ಪತ್ರ ಒಡೆಯದೇ ಒಲೆಗೆ ಹಾಕಿದರೂ ಸರಿಯೇ. ಆದರೆ ಒಡೆದಿದ್ದರೆ ಕೊನೆಯವರೆಗೆ ಓದಿ.

ನನಗೆ ಗೊತ್ತಿರಲಿಲ್ಲ. ಏರುತ್ತದೆ ಎಂದೂ ಗೊತ್ತಿರಲಿಲ್ಲ, ಇಳಿಯುತ್ತದೆ ಎಂದೂ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ನಾನು ಬೇರೆ ಕಾಗದ ಬರೆದಿಲ್ಲ. ಅವರಿಗೆ ನಾನು ಎರಡು ವರ್ಷದಲ್ಲಿ ಒಂದು ಕಾಗದವನ್ನೂ ಬರೆದಿಲ್ಲ, ಅದಕ್ಕೂ ಅವರ ಬಾಯಲ್ಲಿ ಬೈಸಿಕೊಂಡಿದ್ದೇನೆ.

ಆ ಮಾತು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಾನು ಕರಡು ತಿದ್ದುವ ಮುದ್ರಣಾಲಯಕ್ಕೆ ಏನೇನೋ ಅಚ್ಚಿಗೆ ಬರುತ್ತದೆ. ಅದನ್ನೆಲ್ಲ ಓದುತ್ತೇನೆ. ನನಗೆ ಬೇರೆ ಓದು ಸಿಗಲಿಲ್ಲ, ಓದಿದ್ದೆಲ್ಲ ಹೀಗೇ. ಒಂದು ಹಾಳೆಯಲ್ಲಿ ಯಾರೋ ತಮ್ಮ ಊಹೆ ಬರೆದಿದ್ದರು. ನಾನು ಅದನ್ನು ಕಣ್ಣಾರೆ ಕಂಡವಳ ಹಾಗೆ ಅಮ್ಮನಿಗೆ ಬರೆದೆ. ಯಾಕೆ ಎಂದು ಇಡೀ ರಾತ್ರಿ ಯೋಚಿಸಿದೆ. ಅಮ್ಮ ಅದನ್ನು ಹನ್ನೊಂದು ಜನರ ಮುಂದೆ ಓದುತ್ತಾಳೆ ಎಂದು ಗೊತ್ತಿತ್ತು. ಕರಡು ತಿದ್ದುವವಳ ಮಾತನ್ನು ಯಾರೂ ಕೇಳುವುದಿಲ್ಲ ಅತ್ತೆ. ಹನ್ನೊಂದು ಜನ ಕಿವಿಗೊಟ್ಟು ಕೇಳುವಾಗ ‘ನನಗೆ ಸರಿಯಾಗಿ ಗೊತ್ತಿಲ್ಲ’ ಎಂದು ಬರೆಯಲು ಕೈ ಬರಲಿಲ್ಲ.

ಬೆಲೆ ಬರೆಯುವವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಒಂದು ಮನೆಯಲ್ಲಿ ಸೊಂಟದ ಪಟ್ಟಿಗೂ ಟ್ಯಾಂಕಿನ ಡೀಸೆಲ್‌ಗೂ ಜಗಳ ಹಚ್ಚಿದವರು ಅವರು. ಆದರೆ ನಿಮ್ಮನ್ನು ಆ ಸೋಮವಾರದ ಸಾಲಿನಲ್ಲಿ ನಿಲ್ಲಿಸಿದ್ದು ಅವರಲ್ಲ, ನಾನು. ನೀವು ಬೇಡ ಅಂದಿರಿ. ನಿಮ್ಮ ಲೆಕ್ಕ ಸರಿಯಾಗಿತ್ತು. ನಿಮ್ಮ ಮನೆಯ ಕಷ್ಟ ನಿಮಗೆ ಗೊತ್ತಿತ್ತು, ನನಗೆ ಪ್ರಪಂಚದ ಕಷ್ಟ ಮಾತ್ರ ಗೊತ್ತಿತ್ತು.

ಕ್ಷಮಿಸಿ ಎಂದು ಕೇಳುವುದಿಲ್ಲ. ನನ್ನ ಮೇಲಿನ ಸಿಟ್ಟಿಗೆ ನಡೆದು ಹೋಗಿ ಕೆಲಸ ಕಳೆದುಕೊಳ್ಳಬೇಡಿ ಎಂದು ಮಾತ್ರ ಕೇಳುತ್ತೇನೆ. ಸಿಟ್ಟನ್ನು ವ್ಯಾನಿನಲ್ಲಿ ಕೂತೂ ಇಟ್ಟುಕೊಳ್ಳಬಹುದು. ಅಮ್ಮನ ಜತೆ ಮಾತಾಡಬೇಡಿ. ಹತ್ತಿ.

ನೀವು ಜಡೆ ಹಾಕುತ್ತಿದ್ದ ಹುಡುಗಿ


ಏಪ್ರಿಲ್ ೨

ಮಗಳೇ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಮಾತನ್ನು ನಂಬಿದ್ದು ನಾನು, ಬೇಡ ಅಂದವಳನ್ನು ಒತ್ತಾಯ ಮಾಡಿದ್ದೂ ನಾನು. ನೀನು ದೂರದಲ್ಲಿ ಕೂತು ಬರೆದೆ. ನನ್ನ ಎದುರಿಗೇ ಇದ್ದಳಲ್ಲ ಅವಳು, ಮುಖ ನೋಡಬಹುದಿತ್ತು. ಇದನ್ನು ನಿನಗೆ ಹೇಗೆ ಬರೆಯುವುದು ಎಂದು ತಿಳಿಯಲಿಲ್ಲ. ಚಿಕ್ಕಮ್ಮ ಬರೆದಳಂತೆ. ಬರೆದದ್ದೇ ಒಳ್ಳೆಯದಾಯಿತು, ಹೇಗೆ ಬರೆದಳೋ ದೇವರಿಗೇ ಗೊತ್ತು.

ನಿನ್ನೆ ಮೊನ್ನೆ ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಮೊನ್ನೆ, ತಿಂಗಳ ಕೊನೆಯ ದಿನ, ಮುಚ್ಚಳದವಳು ನಮಗೆ ಸಿಕ್ಕಿದ್ದು ಇಟ್ಟಿಗೆ ಗೂಡಿನ ಹತ್ತಿರ. ಬೇರೆ ದಿನ ಆ ಹೊತ್ತಿಗೆ ಸೇತುವೆ ದಾಟಿರುತ್ತಿದ್ದಳು. ಕುಂಟುತ್ತಿದ್ದಳು. ಗಂಟೆ ಆರೂವರೆ. ಅಲ್ಲಿಂದ ಗೇಟಿಗೆ ಎರಡು ಮೈಲಿ. ಎಷ್ಟು ಬೀಸಾಗಿ ನಡೆದರೂ ಏಳಕ್ಕೆ ಮುಟ್ಟುವುದಿಲ್ಲ ಎಂದು ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಮೂರನೇ ಸಲ. ನಾನು ವ್ಯಾನ್ ನಿಲ್ಲಿಸಿ, ಇಳಿದು, ಕೈ ಹಿಡಿದೆ. “ಬಾರೇ, ನನ್ನ ಮುಖ ನೋಡ್ಬೇಡ, ಬಾ” ಅಂದೆ. ಕೈ ಬಿಡಿಸಿಕೊಂಡು ನಡೆದಳು.

ಹಿಂದಿನಿಂದ ಬಾಗಿಲು ಧಡಾರ್ ಎಂದಿತು. ನಿನ್ನ ಚಿಕ್ಕಮ್ಮ ಕೆಳಗೆ ನಿಂತಿದ್ದಾಳೆ, ಊಟದ ಡಬ್ಬ ಕಂಕುಳಲ್ಲಿ. “ಏನೇ?” ಅಂದೆ. “ಏನಿಲ್ಲ. ನಾನೂ ನಡೀತೀನಿ. ಅವಳು ಕುಂಟಿಕೊಂಡು ಹೋಗೋದು ನೋಡ್ಕೊಂಡು ಈ ಕಿಟಕಿ ಪಕ್ಕ ಇನ್ನೊಂದು ದಿನ ಕೂತ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ” ಎಂದು ಹೊರಟೇಬಿಟ್ಟಳು. “ನಿಂಗೂ ತಡ ಆಗುತ್ತಲ್ಲೇ!” ಎಂದು ದೊಡ್ಡಕ್ಕ ಕಿಟಕಿಯಿಂದ ಕೂಗಿದಳು. “ಆಗ್ಲಿ. ನೀವೂ ಇಳೀರಿ. ಹನ್ನೆರಡು ಹೆಸರು ಹೊಡೆಯೋಕೆ ಆ ಗೇಟಿನವನ ಪೆನ್ನಲ್ಲಿ ಶಾಯಿ ಇದೆಯಾ ನೋಡೋಣ!”

ನಿಜ ಹೇಳುತ್ತೇನೆ, ಯಾರೂ ತಕ್ಷಣ ಇಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರು. ಅರ್ಧ ದಿನದ ಕೂಲಿ ಯಾರಿಗೂ ಹಗುರವಲ್ಲ. ಮೊದಲು ಇಳಿದದ್ದು ಹಿಂದಿನ ಬೆಂಚಿನವಳು, ಆ ಎರಡು ಕಾಗದದ ಮಾತು ಆಡಿದವಳು. ಆಮೇಲೆ ಲೇಬಲಿನವಳು. ಆಮೇಲೆ ಎಣಿಸಲಿಲ್ಲ. ನಾನು ವ್ಯಾನನ್ನು ಇಟ್ಟಿಗೆ ಗೂಡಿನ ಅಂಗಳದಲ್ಲಿ ಬಿಟ್ಟು ಬೀಗ ಹಾಕಿದೆ. ಕೊನೆಗೆ ಉಳಿದವಳು ದೊಡ್ಡಕ್ಕ. “ನನ್ನ ಮಂಡಿಗೆ ಯಾವ ಕರಪತ್ರ ಓದಿಸ್ತೀರೇ ಪಾಪಿಗಳಾ” ಎಂದು ನನ್ನ ಭುಜ ಹಿಡಿದು ಇಳಿದಳು.

ಹನ್ನೆರಡು ಜನ ನಡೆದೆವು. ಮುಚ್ಚಳದವಳು ಮುಂದೆ, ನಾವು ಹಿಂದೆ. ಅವಳು ತಿರುಗಿ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅವಳ ನಡಿಗೆ ನಿಧಾನವಾಯಿತು. ಕಾಲುನೋವಿಗೋ, ದೊಡ್ಡಕ್ಕನಿಗಾಗಿಯೋ ಗೊತ್ತಾಗಲಿಲ್ಲ.

ಗೇಟಿಗೆ ಹೋದಾಗ ಏಳು ಇಪ್ಪತ್ತೈದು. ಮುಚ್ಚಿತ್ತು. ಒಳಗೆ ಯಂತ್ರ ನಿಂತಿತ್ತು. ಬಾಟಲಿಗೆ ಔಷಧಿ ತುಂಬುವವರಿದ್ದಾರೆ, ಮುಚ್ಚಳ ಹಾಕುವವರಿಲ್ಲ, ಲೇಬಲ್ ಅಂಟಿಸುವವರಿಲ್ಲ, ಪೆಟ್ಟಿಗೆ ಕಟ್ಟುವವರಿಲ್ಲ. ತುಂಬಿದ ಬಾಟಲಿಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವಂತೆ. ಮೇಲ್ವಿಚಾರಕ ಓಡಿಬಂದ. “ಏನಿದು, ವ್ಯಾನ್ ಕೆಟ್ಟಿತಾ?” ಅಂದ. ಹೌದು ಅಂದಿದ್ದರೆ ಸುಲಭವಾಗುತ್ತಿತ್ತು. ನನ್ನ ಬಾಯಿಗೂ ಅದೇ ಬಂದಿತ್ತು. ಅಷ್ಟರಲ್ಲಿ ಚಿಕ್ಕಮ್ಮ, “ವ್ಯಾನ್ ಚೆನ್ನಾಗಿದೆ. ಇವಳ ಹೆಸರು ಹೊಡಿಯೋದಾದ್ರೆ ಹಾಗೇ ಕೆಳಗೆ ನಮ್ಮ ಹನ್ನೊಂದೂ ಬರ್ಕೊಳ್ಳಿ” ಅಂದಳು. ಅವಳ ಕನ್ನಡಕ ಬೆವರಿಗೆ ಮೂಗಿನ ತುದಿಗೆ ಬಂದಿತ್ತು, ಅದನ್ನು ಮೇಲೆ ತಳ್ಳಲೂ ಇಲ್ಲ. ಅವನು ಒಳಗೆ ಹೋದ. ಹತ್ತು ನಿಮಿಷ. ಆಮೇಲೆ ಗೇಟು ತೆಗೆದರು. ಎಲ್ಲರಿಗೂ ಅರ್ಧ ದಿನದ ಕೂಲಿ ಕಡಿತ. ಯಾರ ಹೆಸರನ್ನೂ ಹೊಡೆಯಲಿಲ್ಲ.

ನಿನ್ನ ಹಾಳೆಗಳಲ್ಲಿ ಇದಕ್ಕೆ ಏನೋ ದೊಡ್ಡ ಹೆಸರಿರಬಹುದು. ನಮಗೆ ಕಾಲಿಗೆ ಬೊಬ್ಬೆ ಬಂತು.

ನಿನ್ನೆ ಬೆಳಿಗ್ಗೆ ತಿರುವಿನಲ್ಲಿ ಮುಚ್ಚಳದವಳು ನಿಂತಿದ್ದಳು. ಬಾಗಿಲು ತೆಗೆದೆ. ಹತ್ತಿ ಹಿಂದೆ ಕೂತಳು. ಸೇತುವೆ ದಾಟಿದ ಮೇಲೆ ಅವಳೇ, “ನಿಮ್ಮನ್ನೆಲ್ಲ ಎಳ್ಕೊಂಡು ದಿನಾ ನಡೆಯೋಕೆ ನನ್ನ ಕೈಲಾಗಲ್ಲಮ್ಮ. ಒಬ್ಬಳಿಗಾದ್ರೂ ನೆಟ್ಟಗೆ ನಡೆಯೋಕೆ ಬರುತ್ತಾ?” ಅಂದಳು. ದೊಡ್ಡಕ್ಕ ನಕ್ಕ ಸದ್ದಿಗೆ ನಾನು ಬ್ರೇಕ್ ಒತ್ತಿಬಿಟ್ಟೆ.

ಸರದಿ ಬಿಡುವುದು ಬೇಡ ಎಂದಾಯಿತು. ಒಬ್ಬಳ ಬದಲು ಇಬ್ಬಿಬ್ಬರು ಸೇರಿ ತುಂಬಿಸುವುದು, ಏರಿದರೆ ಇಬ್ಬರೂ ಬೈಯಬಹುದು. ಮುಚ್ಚಳದವಳಿಗೆ ಜೋಡಿ ನಿನ್ನ ಚಿಕ್ಕಮ್ಮ. ಇಬ್ಬರೂ ಬೇಡ ಅಂದರು. ಹಾಗಾಗಿ ಅದೇ ಸರಿ ಎಂದು ಎಲ್ಲರೂ ತೀರ್ಮಾನಿಸಿದರು. ಪಟ್ಟಿ ಇನ್ನೂ ಬಂದಿಲ್ಲ. ಅದರ ಮಾತನ್ನು ಅವಳ ಮುಂದೆ ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಡೀಸೆಲ್ ಮತ್ತೆ ಏರುತ್ತಿದೆ. ಇಳಿದಿದ್ದಾಗ ತಳ್ಳುಗಾಡಿಯವನು ಟೊಮೆಟೊ ಇಳಿಸಲಿಲ್ಲ, ಕೇಳಿದರೆ “ಇಳಿದಿದ್ದು ನನಗೆ ಯಾರೂ ಹೇಳಲಿಲ್ವಲ್ಲಕ್ಕ” ಅಂದ. ಏರುವಾಗ ಎಲ್ಲರಿಗೂ ಸುದ್ದಿ ಮುಟ್ಟುತ್ತದೆ. ಇದು ಹೇಗೆ ಎಂದು ನಿನಗೆ ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೂ ಬರೆ.

ನಿನ್ನ ಪತ್ರ ಅವಳಿಗೆ ಮುಟ್ಟಿದೆ, ಅಂಚೆಯವನು ಹೇಳಿದ. ಏನು ಬರೆದಿದ್ದೀಯ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಮ್ಮ


ಏಪ್ರಿಲ್ ೧೮

ಹುಡುಗೀ,

ಪತ್ರ ಮೊದಲೇ ಓದಿದ್ದೆ. ಅದನ್ನು ಓದಿದ ಮೇಲೂ ಎರಡು ದಿನ ನಡೆದೇ ಹೋದೆ, ಅದು ನಿನಗೆ ತಿಳಿದಿರಲಿ. ನೀನು ಬರೆದೆ ಅಂತ ನಾನು ವ್ಯಾನ್ ಹತ್ತಲಿಲ್ಲ.

ಗೊತ್ತಿರಲಿಲ್ಲ ಅನ್ನೋಕೆ ಅಷ್ಟು ಸಾಲು ಬೇಕಾಯಿತಾ? ಆದರೂ ನಿನ್ನ ಮಾವನಿಗೆ ಓದಿ ಹೇಳಿದೆ. ಮಲ್ಕೊಂಡೇ ಕೇಳಿದರು. “ದೊಡ್ಡೋರು ಯಾರೂ ಹಿಂಗೆ ಬರ್ದಿದ್ದು ನಾನು ಕೇಳಿಲ್ಲ ಕಣೆ” ಅಂದರು. ಸಿಟ್ಟು ಅವರಿಗೆ ಹೋಯಿತು. ನನಗೆ ಪೂರ್ತಿ ಹೋಗಿಲ್ಲ. ಪಟ್ಟಿ ತಂದ ದಿನ ಹೋದರೂ ಹೋಗಬಹುದು. ಈ ಸಂಬಳದಲ್ಲಿ ಆಗಲಿಲ್ಲ, ಮುಂದಿನದರಲ್ಲಿ ತರುತ್ತೇನೆ. ನಿನ್ನ ಚಿಕ್ಕಮ್ಮನಿಂದ ಒಂದು ಕಾಸೂ ತಗೊಂಡಿಲ್ಲ, ನೀನೂ ಕಳಿಸಬೇಡ.

ರಜಕ್ಕೆ ಬರುತ್ತೀಯಂತೆ, ನಿನ್ನಮ್ಮ ಹೇಳಿದಳು. ಬಂದಾಗ ವ್ಯಾನಿನಲ್ಲಿ ಕೂತು ಕಾರ್ಖಾನೆವರೆಗೂ ಬರಬೇಕು, ಆ ರಸ್ತೆ ನೋಡಬೇಕು ಅಂತ ನಿನಗೆ ಆಸೆಯಂತೆ. ಅದನ್ನು ಎಲ್ಲರ ಮುಂದೆ ಇಟ್ಟೆವು. ಬಿಟ್ಟಿಯಾಗಿ ಯಾರನ್ನೂ ಹತ್ತಿಸುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ಹದಿಮೂರನೇ ಸರದಿ ಅಂತ ಒಂದು ಮಾಡಿ ನಿನ್ನ ಹೆಸರಿಗೆ ಹಾಕಿದ್ದೇವೆ. ಜೋಡಿ ಯಾರೂ ಉಳಿದಿಲ್ಲ, ಪೂರ್ತಿ ಟ್ಯಾಂಕ್ ನಿನ್ನದೇ. ಜೂನ್ ಎರಡನೇ ಸೋಮವಾರ. ದುಡ್ಡು ಜೋಡಿಸಿಕೊಂಡು ಬಾ.

ಅವತ್ತು ಬೆಲೆ ಎಷ್ಟಿರುತ್ತೆ ಅಂತ ನನ್ನನ್ನು ಕೇಳಬೇಡ.

ಮುಚ್ಚಳದತ್ತೆ